ಕ್ಯಾನ್ಸರನ್ನು ತಡೆಯುವ ಜೀನ್‌ಗಳು ಮುಪ್ಪನ್ನು ತರುತ್ತವೆಯೆ?

ಇಂದಿನ ಮಾತನ್ನು ಪ್ರಯೋಗಾಲಯದ ಕೆಲವು ಇಲಿಗಳಿಂದ ಆರಂಭಿಸುತ್ತೇನೆ. ಅಮೆರಿಕದ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಲಾರೆನ್ಸ್ ಡೋನ್‌ಹೋವರ್ ಮತ್ತು ಅವರ ಸಂಗಡಿಗರು ಇಲಿಗಳ ಪಿ53 ಎಂಬ ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಲು ಹೊರಟಿದ್ದರು. ಅಂದುಕೊಂಡ ಬದಲಾವಣೆ ಆಗಲಿಲ್ಲ. ಜೀನ್‌ನ ಮೊದಲ ಭಾಗವೇ ಕಳಚಿಹೋಗಿ, ಉಳಿದ ತುಂಡಿನಿಂದ ಮೊಟಕಾದ ಪ್ರೋಟೀನನ್ನು ತಯಾರಿಸುವ ಇಲಿಗಳು ಹುಟ್ಟಿದವು. ಜೀನ್‌ನ ಇನ್ನೊಂದು ಪ್ರತಿ ಸಹಜವಾಗಿಯೇ ಇತ್ತು, ಆದರೆ ಅದರಿಂದ ಬರುವ ಪ್ರೋಟೀನನ್ನು ಈ ಮೊಟಕು ಪ್ರೋಟೀನ್ ಮತ್ತಷ್ಟು ಚುರುಕುಗೊಳಿಸುತ್ತಿತ್ತು. ಪಿ53 ಎಂಬುದು ಕ್ಯಾನ್ಸರನ್ನು ತಡೆಯುವ ಜೀನ್. ಹೀಗಾಗಿ ಈ ಇಲಿಗಳಲ್ಲಿ ಗಡ್ಡೆಗಳು ಕಡಿಮೆಯಾಗಬೇಕು, ಆದವು ಕೂಡ. ಸಹಜ ಇಲಿಗಳಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಇಲಿಗಳಿಗೆ ಗಡ್ಡೆ ಬಂದರೆ, ಬದಲಾದ 35 ಇಲಿಗಳಲ್ಲಿ ಎರಡಕ್ಕೆ ಮಾತ್ರ ಬಂದಿತ್ತು.

ಕ್ಯಾನ್ಸರಿನಿಂದ ಪಾರಾದ ಪ್ರಾಣಿ ಹೆಚ್ಚು ದಿನ ಬದುಕಬೇಕು ಎಂದು ನೀವು ನಿರೀಕ್ಷಿಸುವಿರಿ. ಆದರೆ ಸಹಜ ಇಲಿಗಳ ಗುಂಪಿನಲ್ಲಿ ಅರ್ಧದಷ್ಟು ಇಲಿಗಳು ಸಾಯಲು 118 ವಾರಗಳು ಹಿಡಿದರೆ, ಈ ಇಲಿಗಳ ಗುಂಪಿನಲ್ಲಿ 96 ವಾರಗಳಿಗೇ ಅರ್ಧ ಮುಗಿದಿದ್ದವು. ಅವುಗಳ ಬೆನ್ನು ಗೂನಾಗಿತ್ತು, ಮೂಳೆಗಳು ಟೊಳ್ಳಾಗಿದ್ದವು, ಮಾಂಸಖಂಡಗಳೂ ಕೆಲವು ಒಳ ಅಂಗಗಳೂ ಕುಗ್ಗಿದ್ದವು, ಚರ್ಮ ತೆಳುವಾಗಿತ್ತು, ಗಾಯ ಮಾಯುವುದು ನಿಧಾನವಾಗಿತ್ತು. ಕ್ಯಾನ್ಸರಿಗೆ ಸಿಗದ ಆ ಪ್ರಾಣಿಗಳು ಮುಪ್ಪಿಗೆ ಬೇಗ ಸಿಕ್ಕಿಬಿದ್ದಿದ್ದವು. 2002ರ ಜನವರಿಯಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜೀವವಿಜ್ಞಾನಿಗಳ ಮುಂದೆ ಬಂದು ನಿಂತ ಪ್ರಶ್ನೆಯೇ ಇಂದು ನನ್ನ ವಿಷಯ: ನಮ್ಮನ್ನು ಗಡ್ಡೆಗಳಿಂದ ಕಾಯುವ ಜೀನ್‌ಗಳೇ ನಮ್ಮನ್ನು ಮುದುಕರನ್ನಾಗಿಸುತ್ತಿವೆಯೆ?

ಮೊದಲು ಈ ಜೀನ್‌ಗಳ ಪರಿಚಯವನ್ನು ಚಿಕ್ಕದಾಗಿ ಮಾಡಿಕೊಡುತ್ತೇನೆ. ನಮ್ಮ ಕೋಶಗಳಲ್ಲಿ ಬೆಳವಣಿಗೆಯನ್ನು ಮುಂದಕ್ಕೆ ತಳ್ಳುವ ಜೀನ್‌ಗಳಿರುವಂತೆ, ಅದಕ್ಕೆ ತಡೆಹಾಕುವ ಜೀನ್‌ಗಳೂ ಇವೆ. ಚಿಕ್ಕಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೊಬ್ಲಾಸ್ಟೋಮ ಎಂಬ ಕ್ಯಾನ್ಸರನ್ನು ಅಧ್ಯಯನ ಮಾಡುತ್ತಿದ್ದ ಆಲ್‌ಫ್ರೆಡ್ ನಡ್ಸನ್ 1971ರಲ್ಲಿ, ಈ ಕಾಯಿಲೆ ಬರಲು ಕೋಶದಲ್ಲಿ ಎರಡು ಪೆಟ್ಟುಗಳು ಬೀಳಬೇಕು ಎಂದು ಲೆಕ್ಕಹಾಕಿ ತೋರಿಸಿದರು. ತಂದೆಯಿಂದ ಬಂದ ಒಂದು ಪ್ರತಿ, ತಾಯಿಯಿಂದ ಬಂದ ಇನ್ನೊಂದು ಪ್ರತಿ, ಎರಡೂ ಕೆಟ್ಟಾಗ ಮಾತ್ರ ತಡೆ ಮುರಿಯುತ್ತದೆ. ಆ ತಡೆಯ ಜೀನ್‌ಗೆ ಇಂದು ಆರ್‌ಬಿ ಎಂದು ಹೆಸರು. ಪಿ53ರ ಕಥೆ ಇನ್ನಷ್ಟು ತಿರುವುಗಳದ್ದು. 1979ರಲ್ಲಿ ಹಲವು ತಂಡಗಳು ಅದನ್ನು ಬೇರೆಬೇರೆಯಾಗಿ ಕಂಡುಕೊಂಡಾಗ, ಅದು ಕ್ಯಾನ್ಸರನ್ನು ಉಂಟುಮಾಡುವ ಜೀನ್ ಎಂದೇ ಎಲ್ಲರೂ ನಂಬಿದ್ದರು. ಅಧ್ಯಯನಕ್ಕೆ ಸಿಕ್ಕಿದ್ದವು ಕೆಟ್ಟುಹೋದ ಪ್ರತಿಗಳು ಎಂಬುದು ತಿಳಿಯಲು ಹತ್ತು ವರ್ಷಗಳೇ ಬೇಕಾದವು. 1989ರಲ್ಲಿ ತೀರ್ಪು ತಿರುಗಿ, ಪಿ53 ಕಾವಲಿನ ಜೀನ್ ಎಂದು ಸ್ಥಾಪಿತವಾಯಿತು. ಮನುಷ್ಯರಲ್ಲಿ ಅದು 17ನೆಯ ವರ್ಣತಂತುವಿನಲ್ಲಿದೆ. ಮನುಷ್ಯರ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಒಂದು ಜೀನ್ ಕೆಟ್ಟಿರುತ್ತದೆ ಎಂದರೆ ಅದರ ಮಹತ್ವ ನಿಮಗೆ ತಿಳಿಯಬಹುದು.

ಪಿ53 ಮಾಡುವ ಕೆಲಸವನ್ನು ನಿಮ್ಮ ಚರ್ಮದ ಮೇಲೆಯೇ ನೋಡಬಹುದು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದ ಕೋಶಗಳ ಡಿಎನ್‌ಎಯನ್ನು ಘಾಸಿಗೊಳಿಸುತ್ತವೆ. ಘಾಸಿ ಸಣ್ಣದಾಗಿದ್ದರೆ ಪಿ53 ಆ ಕೋಶದ ವಿಭಜನೆಯನ್ನು ತಡೆದು ನಿಲ್ಲಿಸಿ ದುರಸ್ತಿಗೆ ಸಮಯ ಕೊಡುತ್ತದೆ. ದುರಸ್ತಿಗೆ ಮೀರಿದ್ದಾದರೆ ಕೋಶ ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುವಂತೆ ಮಾಡುತ್ತದೆ. ತೀವ್ರ ಬಿಸಿಲಿಗೆ ಸುಟ್ಟ ಚರ್ಮ ಸಿಪ್ಪೆಸಿಪ್ಪೆಯಾಗಿ ಏಳುವಾಗ ಉದುರುವವುಗಳಲ್ಲಿ ಹೀಗೆ ತಮ್ಮನ್ನು ತಾವೇ ತ್ಯಜಿಸಿದ ಕೋಶಗಳೂ ಇರುತ್ತವೆ. ಬಿಸಿಲಿಗೆ ಮೈ ಕಪ್ಪಾಗುವುದರಲ್ಲೂ ಪಿ53ರ ಕೈವಾಡವಿದೆ ಎಂದು 2007ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು: ಘಾಸಿಯನ್ನು ಗ್ರಹಿಸಿದ ಪಿ53, ಬಣ್ಣವನ್ನು ಹೆಚ್ಚಿಸುವ ಸಂಕೇತವನ್ನು ನೆರೆಯ ಕೋಶಗಳಿಗೆ ಕಳುಹಿಸುತ್ತದೆ. ನಾಟಿಯ ದಿನಗಳಲ್ಲಿ ಗದ್ದೆಯಲ್ಲಿ ನಿಂತು ಕಪ್ಪಾದ ಮೈಯನ್ನು ನೋಡಿ ಬೇಸರಪಡುವವರು, ಅದು ಕಾವಲು ಎಚ್ಚರವಾಗಿದೆ ಎಂಬುದರ ಗುರುತು ಎಂದು ತಿಳಿಯಬೇಕೆಂದು ನನ್ನ ಕೋರಿಕೆ.

ನಿಲ್ಲಿಸುವುದು, ಸಾಯಿಸುವುದು ಎಂಬ ಈ ಎರಡು ದಾರಿಗಳ ನಡುವೆ ಮೂರನೆಯದೊಂದಿದೆ, ಮತ್ತು ಮುಪ್ಪಿನ ವಿಷಯದಲ್ಲಿ ಅದೇ ಮುಖ್ಯವಾದದ್ದು. 1961ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅವರು, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯರ ಸಹಜ ಕೋಶಗಳು ಸುಮಾರು 50 ಬಾರಿ ಇಮ್ಮಡಿಯಾಗಿ, ಆಮೇಲೆ ಎಷ್ಟೇ ಪೋಷಣೆ ಕೊಟ್ಟರೂ ವಿಭಜನೆಯನ್ನು ನಿಲ್ಲಿಸಿಬಿಡುತ್ತವೆ ಎಂದು ಕಂಡುಕೊಂಡರು. ಆ ಕೋಶಗಳು ಸತ್ತಿರಲಿಲ್ಲ. ಜೀವಂತವಾಗಿಯೇ ಇದ್ದು, ಇನ್ನೆಂದೂ ವಿಭಜಿಸದ ಸ್ಥಿತಿಗೆ ಹೋಗಿದ್ದವು. ಅವುಗಳನ್ನು ನಾನು ಮುದಿಕೋಶಗಳು ಎಂದು ಕರೆಯುತ್ತೇನೆ. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್‌ಗಳು ಸವೆದಾಗ, ಇಲ್ಲವೆ ಕ್ಯಾನ್ಸರಿನತ್ತ ನೂಕುವ ಜೀನ್ ಕೆರಳಿದಾಗ, ಕೋಶವನ್ನು ಈ ಸ್ಥಿತಿಗೆ ತಳ್ಳುವ ಕೆಲಸವನ್ನು ಪಿ53 ಮತ್ತು ಪಿ16 ಎಂಬ ಎರಡು ಕಾವಲು ಜೀನ್‌ಗಳು ಮಾಡುತ್ತವೆ. ವಿಭಜಿಸದ ಕೋಶ ಗಡ್ಡೆಯಾಗಲಾರದು. ಆದರೆ ಅದು ಸುಮ್ಮನೆಯೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಜೂಡಿತ್ ಕಂಪಿಸಿ ಮತ್ತು ಸಂಗಡಿಗರು 2008ರಲ್ಲಿ ವಿವರವಾಗಿ ತೋರಿಸಿದಂತೆ, ಮುದಿಕೋಶವು ಉರಿಯೂತವನ್ನು ಹೆಚ್ಚಿಸುವ, ಸುತ್ತಲಿನ ಅಂಗಾಂಶವನ್ನು ಕರಗಿಸುವ ಹಲವಾರು ಪ್ರೋಟೀನುಗಳನ್ನು ಹೊರಗೆ ಸುರಿಸುತ್ತಿರುತ್ತದೆ. ಯೌವನದಲ್ಲಿ ಇಂಥ ಕೋಶಗಳು ಬೆರಳೆಣಿಕೆಯಷ್ಟು ಇದ್ದು, ರೋಗನಿರೋಧಕ ಕೋಶಗಳು ಅವನ್ನು ಗುಡಿಸಿ ಹಾಕುತ್ತವೆ. ವಯಸ್ಸಾದಂತೆ ಅವು ರಾಶಿಬೀಳುತ್ತವೆ.

ಹೀಗೆ ಒಂದೇ ಜೀನ್ ಎಳೆತನದಲ್ಲಿ ಕಾಯುವುದೂ ಮುಪ್ಪಿನಲ್ಲಿ ಕಾಡುವುದೂ ಹೇಗೆ ಸಾಧ್ಯ, ವಿಕಾಸ ಅದನ್ನೇಕೆ ತಿದ್ದಲಿಲ್ಲ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಪಿ53 ಪತ್ತೆಯಾಗುವ ಮೊದಲೇ ಸಿದ್ಧವಾಗಿತ್ತು. ತನ್ನ ಕೊನೆಯ ವರ್ಷಗಳನ್ನು ಭಾರತದಲ್ಲಿ ಕಳೆದು, ಇಲ್ಲಿಯ ಪೌರತ್ವವನ್ನೂ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರು, ನಡುವಯಸ್ಸಿನ ನಂತರ ಬರುವ ಆನುವಂಶಿಕ ಕಾಯಿಲೆಗಳನ್ನು ನೈಸರ್ಗಿಕ ಆಯ್ಕೆ ಏಕೆ ತೊಡೆದುಹಾಕುವುದಿಲ್ಲ ಎಂಬುದನ್ನು ಮೊದಲೇ ಗಮನಿಸಿದ್ದರು: ಅಷ್ಟರೊಳಗೆ ಮಕ್ಕಳು ಹುಟ್ಟಿ ಜೀನ್ ಮುಂದಿನ ಪೀಳಿಗೆಗೆ ದಾಟಿಬಿಟ್ಟಿರುತ್ತದೆ. ಪೀಟರ್ ಮೆಡವಾರ್ ಈ ಎಳೆಯನ್ನು ಹಿಡಿದು ಬೆಳೆಸಿದರು. 1957ರಲ್ಲಿ ಜಾರ್ಜ್ ವಿಲಿಯಮ್ಸ್ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಳೆತನದಲ್ಲಿ ಉಪಕಾರ ಮಾಡುವ ಜೀನ್ ಮುಪ್ಪಿನಲ್ಲಿ ಅಪಕಾರ ಮಾಡಿದರೂ ವಿಕಾಸದಲ್ಲಿ ಗೆದ್ದು ಉಳಿಯುತ್ತದೆ ಎಂದರು. ನಮ್ಮ ಪೂರ್ವಿಕರಲ್ಲಿ ಬಹುಪಾಲು ಮಂದಿ ಹಸಿವು, ಸೋಂಕು, ಅಪಘಾತಗಳಿಂದ ಎಪ್ಪತ್ತನ್ನು ಕಾಣದೆ ಹೋದವರು. ಎಪ್ಪತ್ತರ ನಂತರ ಮುದಿಕೋಶಗಳ ರಾಶಿ ಏನು ಮಾಡುತ್ತದೆ ಎಂಬುದನ್ನು ಒರೆಗೆ ಹಚ್ಚುವ ಅವಕಾಶ ಆಯ್ಕೆಗೆ ಸಿಗಲೇ ಇಲ್ಲ.

ಪಿ16 ಈ ಮಾತಿಗೆ ಬಹಳ ಸ್ಪಷ್ಟವಾದ ಸಾಕ್ಷಿ. ಎಳೆಯ ಇಲಿಗಳ ಅಂಗಗಳಲ್ಲಿ ಅದು ಇದೆಯೋ ಇಲ್ಲವೋ ಎಂಬಷ್ಟು ಕಡಿಮೆ. ವಯಸ್ಸಾದಂತೆ ಹೆಚ್ಚುಕಡಿಮೆ ಎಲ್ಲ ಅಂಗಗಳಲ್ಲೂ ಏರುತ್ತದೆ. 2006ರಲ್ಲಿ ಒಟ್ಟಿಗೆ ಪ್ರಕಟವಾದ ಮೂರು ಅಧ್ಯಯನಗಳು, ಪಿ16 ಇಲ್ಲದ ಇಲಿಗಳಲ್ಲಿ ಮೂಳೆಮಜ್ಜೆಯ ಆಕರ ಕೋಶಗಳು (ಹೊಸ ಕೋಶಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳು), ಮಿದುಳಿನ ಆಕರ ಕೋಶಗಳು ಮತ್ತು ಇನ್ಸುಲಿನ್ ತಯಾರಿಸುವ ಮೇದೋಜೀರಕದ ಕೋಶಗಳು ಮುಪ್ಪಿನಲ್ಲೂ ಹೆಚ್ಚು ಹುಮ್ಮಸ್ಸಿನಿಂದ ವೃದ್ಧಿಯಾಗುತ್ತವೆ ಎಂದು ತೋರಿಸಿದವು. ಅಂದರೆ ವಯಸ್ಸಾದ ದೇಹ ತನ್ನನ್ನು ತಾನು ತುಂಬಿಕೊಳ್ಳಲಾರದೆ ಹೋಗುವುದಕ್ಕೆ ಒಂದು ಕಾರಣ, ಕ್ಯಾನ್ಸರಿನ ಭಯದಿಂದ ಹಾಕಿಕೊಂಡ ಈ ತಡೆಯೇ. ಹಾಗೆಂದು ಪಿ16ನ್ನು ಕಿತ್ತುಹಾಕಿದರೆ ಆ ಇಲಿಗಳು ಗಡ್ಡೆಗಳಿಂದ ಸಾಯುತ್ತವೆ. ಮನುಷ್ಯರಲ್ಲಿ ಈ ಜೀನ್ 9ನೆಯ ವರ್ಣತಂತುವಿನಲ್ಲಿದೆ. 2007ರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯ ಆನುವಂಶಿಕ ಅಪಾಯವನ್ನು ಹುಡುಕಿದವರಿಗೆ ಅತಿ ಬಲವಾದ ಸುಳಿವು ಸಿಕ್ಕಿದ್ದು ಇದರ ನೆರೆಯಲ್ಲೇ.

ಇಲ್ಲಿಯವರೆಗಿನ ಮಾತು ಕೇಳಿದರೆ, ಕ್ಯಾನ್ಸರಿನಿಂದ ರಕ್ಷಣೆ ಬೇಕಾದರೆ ಮುಪ್ಪಿನ ಬೆಲೆಯನ್ನು ತೆರಲೇಬೇಕು ಎಂದು ತೋರುತ್ತದೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ, ಪಾಠವನ್ನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಡೋನ್‌ಹೋವರ್ ಅವರ ಇಲಿಗಳ ವರದಿ ಬಂದ ಅದೇ 2002ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಿಂದ ಬೇರೆಯದೇ ಸುದ್ದಿ ಬಂದಿತ್ತು. ಮ್ಯಾನುಯೆಲ್ ಸೆರಾನೊ ಅವರ ತಂಡ, ಇಲಿಗಳಿಗೆ ಪಿ53ರ ಒಂದು ಹೆಚ್ಚುವರಿ ಪ್ರತಿಯನ್ನು ಸೇರಿಸಿತ್ತು. ಆ ಪ್ರತಿ ಮೊಟಕಾದದ್ದಲ್ಲ. ಅದನ್ನು ಯಾವಾಗ ಚಾಲೂ ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುವ ಅಕ್ಕಪಕ್ಕದ ಡಿಎನ್‌ಎ ಸಮೇತವಾಗಿ, ಇಡಿಯಾಗಿ ಸೇರಿಸಿದ್ದು. ಈ ಇಲಿಗಳಿಗೆ ಕ್ಯಾನ್ಸರ್ ಕಡಿಮೆಯಾಯಿತು, ಮುಪ್ಪು ಮಾತ್ರ ಸಹಜ ವೇಗದಲ್ಲೇ ಬಂತು. 2007ರಲ್ಲಿ ಅದೇ ತಂಡ, ಪಿ53ರ ಜೊತೆಗೆ ಅದನ್ನು ಎಚ್ಚರಿಸುವ ಆರ್ಫ್ ಎಂಬ ಜೀನ್‌ನ ಹೆಚ್ಚುವರಿ ಪ್ರತಿಯನ್ನೂ ಕೊಟ್ಟಾಗ ಇಲಿಗಳ ಮಧ್ಯಮ ಆಯುಷ್ಯ, ಅಂದರೆ ಗುಂಪಿನ ಅರ್ಧದಷ್ಟು ಸಾಯಲು ಹಿಡಿಯುವ ಕಾಲ, ನೂರಕ್ಕೆ ಸುಮಾರು 16ರಷ್ಟು ಹೆಚ್ಚಿತು. ಕ್ಯಾನ್ಸರಿನಿಂದ ಸಾಯದ ಇಲಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಾಗಲೂ ಆಯುಷ್ಯ ಹೆಚ್ಚಿರುವುದು ಕಂಡಿತು. ಕಾವಲು ಗಟ್ಟಿಯಾಗಿ, ಬದುಕೂ ದೀರ್ಘವಾಗಿತ್ತು.

ಎರಡೂ ಪ್ರಯೋಗಗಳು ಸರಿಯಾಗಿಯೇ ನಡೆದಿದ್ದವು. ಹಾಗಾದರೆ ಉತ್ತರಗಳೇಕೆ ಬೇರೆಯಾದವು? ನಮ್ಮ ಬಯಲುಸೀಮೆಯ ಕೆರೆಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಗೆ ತೂಬು ಇರುತ್ತದೆ, ತೂಬನ್ನು ಎತ್ತಿ ಇಳಿಸಲು ನೀರುಗಂಟಿ ಇರುತ್ತಾನೆ. ಪೈರಿಗೆ ಎಷ್ಟು ಬೇಕೋ ಅಷ್ಟು ಹೊತ್ತು ತೂಬು ತೆರೆದು, ಆಮೇಲೆ ಮುಚ್ಚುತ್ತಾನೆ. ಅದೇ ತೂಬು ಮುರಿದು ಹಗಲೂ ರಾತ್ರಿ ಸಣ್ಣಗೆ ಸೋರುತ್ತಿದ್ದರೆ ಗದ್ದೆ ಜೌಗಾಗಿ ಪೈರು ಕೊಳೆಯುತ್ತದೆ. ಹಾಗೆಂದು ಕೆರೆಯನ್ನು ಆಳ ಮಾಡಿ ಹೆಚ್ಚು ನೀರು ನಿಲ್ಲಿಸಿದರೆ ಯಾರಿಗೂ ಕೇಡಿಲ್ಲ, ನೀರುಗಂಟಿ ತನ್ನ ಕೆಲಸದಲ್ಲಿ ಇರುವವರೆಗೆ. ಹ್ಯೂಸ್ಟನ್ನಿನ ಇಲಿಗಳಲ್ಲಿ ಆದದ್ದು ತೂಬು ಮುರಿದದ್ದು. ಮ್ಯಾಡ್ರಿಡ್ಡಿನ ಇಲಿಗಳಲ್ಲಿ ಆದದ್ದು ಕೆರೆ ಆಳವಾದದ್ದು.

ಕೋಶದಲ್ಲಿ ಈ ನೀರುಗಂಟಿಯ ಹೆಸರು ಎಂಡಿಎಂ2. ಅದು ಪಿ53 ಪ್ರೋಟೀನನ್ನು ಹಿಡಿದು, ನಾಶಕ್ಕೆ ಗುರುತುಹಾಕಿ ಕಳುಹಿಸುತ್ತಿರುತ್ತದೆ. ಆರೋಗ್ಯವಂತ ಕೋಶದಲ್ಲಿ ಪಿ53 ತಯಾರಾದ ಕೆಲವೇ ನಿಮಿಷಗಳಲ್ಲಿ ಹಾಳಾಗಿ ಹೋಗುವುದು ಇದರಿಂದಲೇ. ಡಿಎನ್‌ಎಗೆ ಘಾಸಿಯಾದಾಗ ಎಂಡಿಎಂ2ರ ಹಿಡಿತ ಸಡಿಲವಾಗಿ ಪಿ53 ಏರುತ್ತದೆ, ಏರಿದ ಪಿ53 ಮತ್ತೆ ಎಂಡಿಎಂ2ರ ಉತ್ಪಾದನೆಯನ್ನೇ ಹೆಚ್ಚಿಸಿ ತನಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ಈ ಕಡಿವಾಣ ಎಷ್ಟು ಅಗತ್ಯ ಎಂಬುದಕ್ಕೆ 1995ರ ಒಂದು ಪ್ರಯೋಗವಿದೆ. ಎಂಡಿಎಂ2 ಇಲ್ಲದ ಇಲಿಗಳು ಹುಟ್ಟುವುದೇ ಇಲ್ಲ, ಭ್ರೂಣ ಕೆಲವೇ ದಿನಗಳಲ್ಲಿ ಸಾಯುತ್ತದೆ. ಜೊತೆಗೆ ಪಿ53ನ್ನೂ ತೆಗೆದುಹಾಕಿದರೆ ಅದೇ ಭ್ರೂಣ ಬೆಳೆದು ಮರಿಯಾಗಿ ಹುಟ್ಟುತ್ತದೆ. ಕಡಿವಾಣವಿಲ್ಲದ ಕಾವಲು ಕ್ಯಾನ್ಸರಿಗಿಂತ ಬೇಗ ಕೊಲ್ಲುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ. ಆದ್ದರಿಂದ ಕಾವಲು ಜೀನ್ ಎಷ್ಟಿದೆ ಎಂಬುದಕ್ಕಿಂತ, ಅದು ಯಾವಾಗ ಏಳುತ್ತದೆ, ಎಷ್ಟು ಹೊತ್ತು ಎದ್ದಿರುತ್ತದೆ, ಎದ್ದ ಮೇಲೆ ಕೋಶವನ್ನು ಯಾವ ದಾರಿಗೆ ಕಳುಹಿಸುತ್ತದೆ ಎಂಬುದರಿಂದಲೇ ಅದು ಆಯುಷ್ಯವನ್ನು ಹೆಚ್ಚಿಸುತ್ತದೋ ಕಡಿಮೆ ಮಾಡುತ್ತದೋ ಎಂಬುದು ತೀರ್ಮಾನವಾಗುತ್ತದೆ ಎಂಬುದು ನನ್ನ ನಿಲುವು.

ಪಿಟೆನ್ ಎಂಬ ಇನ್ನೊಂದು ಕಾವಲು ಜೀನ್‌ನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಇನ್ಸುಲಿನ್‌ನಂಥ ಬೆಳವಣಿಗೆಯ ಸಂಕೇತಗಳನ್ನು ತಗ್ಗಿಸುವ ಜೀನ್. 2012ರಲ್ಲಿ ಸೆರಾನೊ ಅವರ ತಂಡ ಇದರ ಪ್ರತಿಗಳನ್ನು ಹೆಚ್ಚಿಸಿದಾಗ, ಆ ಇಲಿಗಳು ಸಹಜ ಇಲಿಗಳಿಗಿಂತ ಹೆಚ್ಚು ತಿಂದರೂ ತೆಳ್ಳಗೆ ಉಳಿದವು, ಕ್ಯಾನ್ಸರಿನಿಂದ ರಕ್ಷಣೆ ಪಡೆದವು, ಹೆಚ್ಚು ಕಾಲ ಬದುಕಿದವು. ಇಲ್ಲಿ ಕಾವಲು ಜೀನ್ ದೇಹದ ಶಕ್ತಿಯ ಲೆಕ್ಕಾಚಾರವನ್ನೇ ಬದಲಿಸಿತ್ತು.

ಈಗ ಆನೆಗಳ ವಿಷಯಕ್ಕೆ ಬರುತ್ತೇನೆ. ದೇಶದಲ್ಲಿ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯದಲ್ಲಿ ನಿಂತು ಈ ವಿಷಯ ಮಾತನಾಡುವಾಗ ಆನೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಆನೆಯ ದೇಹದಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶಗಳಿವೆ, ಅದು ಅರವತ್ತು ಎಪ್ಪತ್ತು ವರ್ಷ ಬದುಕುತ್ತದೆ. ಪ್ರತಿ ಕೋಶಕ್ಕೂ ಕೆಡುವ ಸಾಧ್ಯತೆ ಒಂದೇ ಎಂದಾದರೆ ಆನೆಗಳೆಲ್ಲ ಕ್ಯಾನ್ಸರಿನಿಂದಲೇ ಸಾಯಬೇಕಿತ್ತು. ದೇಹದ ಗಾತ್ರಕ್ಕೂ ಕ್ಯಾನ್ಸರಿಗೂ ಹೊಂದಿಕೆಯಾಗದ ಈ ಒಗಟನ್ನು ಬ್ರಿಟನ್ನಿನ ರಿಚರ್ಡ್ ಪೀಟೊ 1970ರ ದಶಕದಲ್ಲಿ ಎತ್ತಿ ತೋರಿಸಿದ್ದರು. 2015ರಲ್ಲಿ ಯೂಟಾ ವಿಶ್ವವಿದ್ಯಾಲಯದ ಜೋಶುವಾ ಶಿಫ್‌ಮನ್ ಮತ್ತು ಸಂಗಡಿಗರು ಆನೆಗಳ ಸಾವಿನ ದಾಖಲೆಗಳನ್ನು ತೆಗೆದು ನೋಡಿದಾಗ, ಕ್ಯಾನ್ಸರಿನಿಂದ ಸತ್ತವು ನೂರಕ್ಕೆ ಐದರ ಆಸುಪಾಸು ಎಂದು ಅಂದಾಜಾಯಿತು. ಮನುಷ್ಯರಲ್ಲಿ ಇದು 11ರಿಂದ 25ರವರೆಗೆ ಇದೆ. ಕಾರಣ ಹುಡುಕಿದಾಗ ಸಿಕ್ಕಿದ್ದು, ನಮ್ಮಲ್ಲಿ ಒಂದೇ ಜೋಡಿ ಇರುವ ಪಿ53 ಜೀನ್ ಆಫ್ರಿಕಾದ ಆನೆಯಲ್ಲಿ 20 ಜೋಡಿ ಇದೆ ಎಂಬ ಸಂಗತಿ. ಷಿಕಾಗೊದ ವಿನ್ಸೆಂಟ್ ಲಿಂಚ್ ಅವರ ತಂಡವೂ ಇದೇ ಸಂಗತಿಯನ್ನು ಬೇರೆ ದಾರಿಯಿಂದ ತಲುಪಿತು. ನಮ್ಮ ಏಷ್ಯಾದ ಆನೆಯಲ್ಲೂ ಇಂಥ ಹಲವು ಪ್ರತಿಗಳಿವೆ. ಹೆಚ್ಚುವರಿ ಪ್ರತಿಗಳಲ್ಲಿ ಬಹಳಷ್ಟು ಮೊಟಕಾದವು, ಎಲ್ಲವೂ ಕೆಲಸ ಮಾಡುವುದಿಲ್ಲ, ಕೆಲವು ಮಾಡುತ್ತವೆ.

ಹೀಗಿದ್ದೂ ಆನೆಗೆ ಹ್ಯೂಸ್ಟನ್ನಿನ ಇಲಿಗಳಂತೆ ಅಕಾಲದ ಮುಪ್ಪು ಬರುವುದಿಲ್ಲ. ಆನೆಯ ಕೋಶಗಳನ್ನೂ ಮನುಷ್ಯರ ಕೋಶಗಳನ್ನೂ ಒಂದೇ ಪ್ರಮಾಣದ ವಿಕಿರಣಕ್ಕೆ ಒಡ್ಡಿದಾಗ, ಆನೆಯ ಕೋಶಗಳು ಹೆಚ್ಚಿನ ಸಂಖ್ಯೆಯಲ್ಲಿ ತಮ್ಮನ್ನು ತಾವು ಕೊನೆಗೊಳಿಸಿಕೊಂಡವು. ಸತ್ತ ಕೋಶ ಜಾಗ ಬಿಟ್ಟುಕೊಡುತ್ತದೆ, ಅಲ್ಲಿ ಆರೋಗ್ಯವಂತ ಕೋಶ ಬರಬಹುದು. ಮುದಿಕೋಶ ಅಲ್ಲೇ ಕುಳಿತು ಉರಿಯೂತ ಹಬ್ಬಿಸುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಿ. ಹೆಣ್ಣಾನೆ 22 ತಿಂಗಳು ಗರ್ಭ ಹೊರುತ್ತದೆ, ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷಗಳ ಅಂತರವಿರುತ್ತದೆ, ಐವತ್ತು ದಾಟಿದ ಮೇಲೂ ಮರಿ ಹಾಕಬಲ್ಲದು. ಹೀಗೆ ಬದುಕಿನ ಕೊನೆಯ ಭಾಗದವರೆಗೂ ಸಂತಾನ ನಡೆಯುವ ಪ್ರಾಣಿಯಲ್ಲಿ, ಹಾಲ್ಡೇನ್ ಮತ್ತು ವಿಲಿಯಮ್ಸ್ ಗುರುತಿಸಿದ, ಮುಪ್ಪಿನ ಕೇಡು ಆಯ್ಕೆಯ ಕಣ್ಣಿಗೆ ಬೀಳದ ಆ ಕುರುಡು ಜಾಗ ಕಿರಿದಾಗಿರುತ್ತದೆ. ಮುಪ್ಪಿನಲ್ಲಿ ಆಗುವ ಕೇಡನ್ನೂ ನೈಸರ್ಗಿಕ ಆಯ್ಕೆ ಕಾಣಬಲ್ಲದು.

ಮನುಷ್ಯರಲ್ಲಿ ಈ ಬಗೆಯ ಪ್ರಯೋಗ ಮಾಡಲಾಗದು, ಆದರೆ ಪ್ರಕೃತಿಯೇ ಮಾಡಿಟ್ಟ ಕೆಲವು ವ್ಯತ್ಯಾಸಗಳಿವೆ. ಪಿ53ರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುವ ಕುಟುಂಬಗಳನ್ನು ಫ್ರೆಡರಿಕ್ ಲೀ ಮತ್ತು ಜೋಸೆಫ್ ಫ್ರೌಮೆನಿ 1969ರಲ್ಲಿ ಗುರುತಿಸಿದ್ದರು; ಅಲ್ಲಿ ಮಕ್ಕಳಿಗೂ ತರುಣರಿಗೂ ಮತ್ತೆಮತ್ತೆ ಕ್ಯಾನ್ಸರ್ ಬರುತ್ತದೆ. ಇದು ಒಂದು ಕೊನೆ. ಇನ್ನು ನಮ್ಮೆಲ್ಲರಲ್ಲೂ ಪಿ53 ಪ್ರೋಟೀನಿನ 72ನೆಯ ಸ್ಥಾನದಲ್ಲಿ ಅರ್ಜಿನಿನ್ ಇಲ್ಲವೆ ಪ್ರೋಲಿನ್ ಎಂಬ ಅಮೈನೊ ಆಮ್ಲವಿರುತ್ತದೆ. ಅರ್ಜಿನಿನ್ ಇರುವ ಪಿ53 ಕೋಶವನ್ನು ಸಾಯಿಸುವುದರಲ್ಲಿ ಹೆಚ್ಚು ಚುರುಕು. ನೆದರ್‌ಲೆಂಡ್ಸಿನ ಲೈಡನ್‌ನಲ್ಲಿ 85 ದಾಟಿದ ಹಿರಿಯರನ್ನು ಅನುಸರಿಸಿದಾಗ, ಎರಡೂ ಪ್ರತಿಗಳಲ್ಲಿ ಪ್ರೋಲಿನ್ ಇದ್ದವರಲ್ಲಿ ಕ್ಯಾನ್ಸರಿನ ಸಾವು ಹೆಚ್ಚಿದ್ದರೂ ಒಟ್ಟಾರೆ ಅವರೇ ಹೆಚ್ಚು ಕಾಲ ಬದುಕಿದ್ದರು. ಕೋಪನ್‌ಹೇಗನ್ನಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಅಂಥವರ ಮಧ್ಯಮ ಆಯುಷ್ಯ ಮೂರು ವರ್ಷ ಹೆಚ್ಚಿತ್ತು. ಇಂಥ ಅಧ್ಯಯನಗಳಲ್ಲಿ ಆಹಾರ, ಪರಿಸರ, ವಂಶ ಎಲ್ಲವೂ ಬೆರೆತಿರುವುದರಿಂದ ನಾನು ಇವುಗಳ ಮೇಲೆ ಇಲಿಗಳ ಪ್ರಯೋಗದಷ್ಟು ಭಾರ ಹಾಕುವುದಿಲ್ಲ. ಇವನ್ನು ಕೇಳಿ ಯಾರೂ ತಮ್ಮ ಜೀನ್ ಪರೀಕ್ಷೆಗೆ ಓಡಬೇಕಾಗಿಲ್ಲ.

ಕಾವಲನ್ನು ಕೆಡಿಸದೆ ಅದು ಬಿಟ್ಟುಹೋದ ಕಸವನ್ನು ಮಾತ್ರ ತೆಗೆಯಬಹುದೆ? ಅಮೆರಿಕದ ಮೇಯೊ ಕ್ಲಿನಿಕ್ಕಿನ ಯಾನ್ ವಾನ್ ಡರ್ಸನ್ ಮತ್ತು ಡ್ಯಾರೆನ್ ಬೇಕರ್ ಅವರು, ಪಿ16 ಚಾಲೂ ಆಗಿರುವ ಕೋಶಗಳು ಮಾತ್ರ ಒಂದು ಔಷಧಿಗೆ ಸಾಯುವಂತೆ ಇಲಿಗಳನ್ನು ರೂಪಿಸಿದರು. 2011ರಲ್ಲಿ ಬೇಗ ಮುಪ್ಪು ಬರುವ ತಳಿಯಲ್ಲೂ, 2016ರಲ್ಲಿ ಸಹಜವಾಗಿ ವಯಸ್ಸಾಗುವ ಇಲಿಗಳಲ್ಲೂ ಇದನ್ನು ಪರೀಕ್ಷಿಸಿದಾಗ ಫಲ ಸಿಕ್ಕಿತು: ಸಹಜ ಇಲಿಗಳ ಮಧ್ಯಮ ಆಯುಷ್ಯ ನೂರಕ್ಕೆ ಸುಮಾರು 25ರಷ್ಟು ಹೆಚ್ಚಿ, ಗಡ್ಡೆಗಳು ತಡವಾಗಿ ಕಾಣಿಸಿಕೊಂಡವು. ಈ ದಾರಿಯಲ್ಲಿ ನನಗೆ ಭರವಸೆಯಿದೆ. ಆದರೂ ಮುದಿಕೋಶಗಳೆಲ್ಲ ಕೇಡಿಗರಲ್ಲ. ಗಾಯವಾದ ಜಾಗದಲ್ಲಿ ಅವು ಕೆಲವು ದಿನ ಹುಟ್ಟಿಕೊಂಡು ಗಾಯ ಮಾಯಲು ನೆರವಾಗುತ್ತವೆ ಎಂದು 2014ರಲ್ಲಿ ತಿಳಿಯಿತು. ಭ್ರೂಣ ರೂಪುಗೊಳ್ಳುವಾಗಲೂ ಅವುಗಳ ಪಾತ್ರವಿದೆ. ಮುದಿಕೋಶಗಳನ್ನು ತೆಗೆದು ಮನುಷ್ಯರ ಆಯುಷ್ಯವನ್ನು ಹೆಚ್ಚಿಸಿದ ಔಷಧಿ ಇಂದಿಗೂ ಯಾವುದೂ ಇಲ್ಲ. ಆ ಹೆಸರಿನಲ್ಲಿ ಮಾರುವ ಗುಳಿಗೆಗಳಿಗೆ, ಅದರಲ್ಲೂ ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಬೇರೆ ಔಷಧಿ ತೆಗೆದುಕೊಳ್ಳುತ್ತಿರುವ ಹಿರಿಯರು, ದಯವಿಟ್ಟು ಹಣವನ್ನೂ ದೇಹವನ್ನೂ ಒಪ್ಪಿಸಬೇಡಿ.

ಕ್ಯಾನ್ಸರಿನಿಂದ ಗುಣವಾದವರ ವಿಷಯದಲ್ಲಿ ಇದೆಲ್ಲ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ನನ್ನ ಹತ್ತಿರದ ಬಂಧುವೊಬ್ಬರು ಸ್ತನ ಕ್ಯಾನ್ಸರಿಗೆ ಕೀಮೋಥೆರಪಿ ಮುಗಿಸಿ ಮನೆಗೆ ಬಂದು ಕೆಲವು ತಿಂಗಳಾದ ಮೇಲೆ, "ಕಾಯಿಲೆ ಹೋಯಿತು, ಜೊತೆಗೆ ಹತ್ತು ವರ್ಷವೂ ಹೋದ ಹಾಗಿದೆ" ಎಂದಿದ್ದರು. ಕೀಮೋಥೆರಪಿಯ ಹಲವು ಔಷಧಿಗಳು ಡಿಎನ್‌ಎಯನ್ನೇ ಘಾಸಿಗೊಳಿಸುವಂಥವು. ಅವು ಗಡ್ಡೆಯ ಕೋಶಗಳ ಜೊತೆಗೆ ಸಹಜ ಕೋಶಗಳ ಕಾವಲನ್ನೂ ಎಬ್ಬಿಸುತ್ತವೆ. ಉತ್ತರ ಕೆರೊಲಿನಾದ ವೈದ್ಯರು ಸ್ತನ ಕ್ಯಾನ್ಸರಿನ ಮಹಿಳೆಯರ ರಕ್ತವನ್ನು ಪರೀಕ್ಷಿಸಿ, ಕೀಮೋಥೆರಪಿಯ ನಂತರ ಅವರ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ ಪಿ16 ಏರಿರುವುದನ್ನು 2014ರಲ್ಲಿ ವರದಿ ಮಾಡಿದರು. ಆ ಏರಿಕೆ ಸುಮಾರು 15 ವರ್ಷಗಳ ವಯಸ್ಸಿಗೆ ಸಮನಾಗಿತ್ತು. ಆ ಬಂಧುವಿನ ಮಾತನ್ನು ದಣಿವಿನ ಮಾತೆಂದು ತಿಳಿದಿದ್ದ ನನಗೆ ಈ ವರದಿ ಓದಿದ ಮೇಲೆ ಅವರ ಬಳಿ ಹೋಗಿ ಅದನ್ನು ವಿವರಿಸಬೇಕೆನಿಸಿತು, ವಿವರಿಸಿದೆ. ಚಿಕಿತ್ಸೆ ಬೇಡವಾಗಿತ್ತು ಎಂದು ಇದರ ಅರ್ಥವಲ್ಲ. ಆ ಔಷಧಿಗಳಿಂದಲೇ ಅವರು ಇಂದು ನಮ್ಮೊಡನಿದ್ದಾರೆ. ಆದರೆ ಗುಣವಾದವರು ಸುಸ್ತು, ಮೂಳೆ ಸವೆತ, ಮರೆವು ಎಂದಾಗ ಮನೆಯವರು ಅದನ್ನು ನಂಬಬೇಕು, ಕ್ಯಾನ್ಸರ್ ವಾಪಸಾಗಿದೆಯೆ ಎಂದು ನೋಡುವ ತಪಾಸಣೆಯ ಜೊತೆಗೆ ಇವನ್ನೂ ವೈದ್ಯರು ವಿಚಾರಿಸಬೇಕು.

ಕೊನೆಯದಾಗಿ ಇನ್ನೊಂದು ಬಗೆಯ ಔಷಧಿಯ ಬಗ್ಗೆ ಹೇಳುತ್ತೇನೆ. ಪಿ53 ಕೆಡದೆ ಉಳಿದಿರುವ ಗಡ್ಡೆಗಳಲ್ಲಿ ಎಂಡಿಎಂ2ರ ಹಿಡಿತವನ್ನು ಬಿಡಿಸಿ ಪಿ53ನ್ನು ಎಬ್ಬಿಸಬಹುದೆಂಬ ಯೋಚನೆಯಿಂದ, ನಟ್ಲಿನ್ ಎಂಬ ಅಣುಗಳನ್ನು 2004ರಲ್ಲಿ ಪ್ರಕಟಿಸಲಾಯಿತು. ಅವುಗಳ ವಂಶದ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ, ಗಡ್ಡೆಯ ಕೋಶಗಳ ಜೊತೆಗೆ ಮೂಳೆಮಜ್ಜೆಯೂ ಪೆಟ್ಟು ತಿಂದು, ರಕ್ತದ ಪ್ಲೇಟ್‌ಲೆಟ್‌ಗಳು ಕುಸಿಯುವುದು ಮುಖ್ಯ ತೊಂದರೆಯಾಗಿ ಕಾಣಿಸಿಕೊಂಡಿತು. ತೂಬು ತೆರೆದೇ ಇದ್ದರೆ ಏನಾಗುತ್ತದೆ ಎಂದು ಇಲಿಗಳು ತೋರಿಸಿದ್ದನ್ನೇ ಇದು ಮನುಷ್ಯರ ದೇಹದಲ್ಲಿ ತೋರಿಸಿತು. ಆದ್ದರಿಂದ ಈಗ ಇಂಥ ಔಷಧಿಗಳನ್ನು ಪರೀಕ್ಷಿಸುತ್ತಿರುವ ವೈದ್ಯರು ದಿನವೂ ಕೊಡದೆ, ಕೆಲವು ದಿನ ಕೊಟ್ಟು, ಮೂಳೆಮಜ್ಜೆ ಚೇತರಿಸಿಕೊಳ್ಳಲು ವಾರಗಳ ಬಿಡುವು ಬಿಟ್ಟು, ರಕ್ತ ಪರೀಕ್ಷೆ ನೋಡಿಕೊಂಡು ಮತ್ತೆ ಕೊಡುವ ಕ್ರಮಗಳನ್ನು ಹುಡುಕುತ್ತಿದ್ದಾರೆ.